ಚೇರ್, ಸೀಟು, ಸ್ಟೂಲು

ಚೆನ್ನೈಗೆ ಬಂದು ನಾನು ಕಲಿತ ಮೊದಲ ತಮಿಳು ಮಾತು ‘ಎಳುಂದಿರುಮ್ಮಾ’. ಏಳಮ್ಮಾ ಎಂದರ್ಥ. ಪುರಸೈವಾಕ್ಕಂನ ದೊಡ್ಡ ಜವಳಿ ಅಂಗಡಿಯಲ್ಲಿ ಅದು ನನ್ನ ಕೆಲಸದ ಮೊದಲ ದಿನ. ಸೀರೆ ಕೌಂಟರಿನ ಮುಂದೆ ಸಾಲಾಗಿ ಮೆತ್ತನೆಯ ಕುರ್ಚಿಗಳಿದ್ದವು, ಗಿರಾಕಿ ಒಬ್ಬರೂ ಇರಲಿಲ್ಲ. ಕೂತೆ. ಬೆನ್ನು ಕುರ್ಚಿಗೆ ತಾಗುವಷ್ಟರಲ್ಲಿ ಸೂಪರ್‌ವೈಸರು ಓಡಿ ಬಂದರು. ಬೈಯಲಿಲ್ಲ. ಅದು ಕಸ್ಟಮರ್ ಚೇರ್ ಎಂದು ಮೆತ್ತಗೆ ತಿಳಿಸಿ, ನಾನು ಎದ್ದ ಮೇಲೆ ಅದನ್ನು ಕರವಸ್ತ್ರದಿಂದ ಒರೆಸಿದರು. ಆ ಒರೆಸಿದ್ದು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ನಾನು ಇಳಕಲ್ಲಿನವಳು. ನಮ್ಮಲ್ಲಿ ಸೀರೆ ನೇಯುವವರು ಕೂತೇ ನೇಯುತ್ತಾರೆ, ಮಾರುವವರು ಗಾದಿಯ ಮೇಲೆ ಕೂತೇ ಮಾರುತ್ತಾರೆ, ಕೊಳ್ಳಲು ಬಂದವರೂ ಚಪ್ಪಲಿ ಬಿಟ್ಟು ಅದೇ ಗಾದಿಯ ಮೇಲೆ ಕೂರುತ್ತಾರೆ. ಗಂಡನಿಗೆ ರೈಲ್ವೆ ಕೆಲಸ, ಮದುವೆಯಾಗಿ ಪೆರಂಬೂರಿಗೆ ಬಂದೆ. ಇಲ್ಲಿಯವರು ‘ಪೋರ್ಷನ್’ ಎನ್ನುವ, ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ಗಂಡ ಬೆಳಿಗ್ಗೆ ಹೊರಟರೆ ಸಂಜೆಯವರೆಗೆ ನನ್ನೊಡನೆ ಮಾತಾಡುವವರಿಲ್ಲ. ಎಂಟು ತಿಂಗಳು ಹಾಗೆ ಕಳೆದು, ಇನ್ನೂ ಹೀಗೇ ಇದ್ದರೆ ತಲೆ ಕೆಡುತ್ತದೆ ಅನ್ನಿಸಿ ಕೆಲಸಕ್ಕೆ ಸೇರಿದೆ. ನನಗೆ ಗೊತ್ತಿದ್ದದ್ದು ಸೀರೆ ಒಂದೇ.

ನನಗೆ ತಮಿಳು ಬಾರದು, ಅವರಿಗೆ ಕನ್ನಡ ಬಾರದು, ಹಾಗಾಗಿ ನಡುವೆ ಹರಕುಮುರುಕು ಇಂಗ್ಲಿಷು. ಕುರ್ಚಿಗೆ ಇಂಗ್ಲಿಷಿನಲ್ಲಿ ಇಷ್ಟು ಹೆಸರುಗಳಿರುವುದು, ಯಾವುದನ್ನು ಯಾರಿಗೆ ಬಳಸಬೇಕೆಂಬುದು ನನಗೆ ಗೊತ್ತಾದದ್ದು ಆ ಕೌಂಟರಿನ ಹಿಂದೆ. ಚೇರ್ ಎಂದರೆ ಗಿರಾಕಿಯದು. ಸೀಟ್ ಎಂದರೆ ಮ್ಯಾನೇಜರದು. ಅವರು ಹೊರಗೆ ಹೋಗಿದ್ದರೆ ‘ಸಾರ್ ಸೀಟ್‌ಲ ಇಲ್ಲೆ’ ಎನ್ನಬೇಕು. ಬೆಂಚ್ ಇರುವುದು ಊಟದ ಕೋಣೆಯಲ್ಲಿ, ಇಪ್ಪತ್ತು ನಿಮಿಷಕ್ಕೆ ಮಾತ್ರ. ಸ್ಟೂಲ್ ನಮ್ಮದೇ, ಆದರೆ ಅದು ಮೇಲಿನ ಕಪಾಟಿನಿಂದ ಸೀರೆ ಇಳಿಸಲು ಹತ್ತುವುದಕ್ಕೆ. ಕುರ್ಚಿಗೆ ತಮಿಳಿನಲ್ಲಿ ‘ನಾರ್ಕಾಲಿ’, ನಾಲ್ಕು ಕಾಲಿನದು, ಎಂಬ ಚೆಂದದ ಹೆಸರಿದೆ. ಅಂಗಡಿಯಲ್ಲಿ ಯಾರೂ ಅದನ್ನು ಅಂದದ್ದು ಕೇಳಿಲ್ಲ. ಇದನ್ನೆಲ್ಲ ನನಗೆ ಕಲಿಸಿದವಳು ಪಕ್ಕದಲ್ಲಿ ನಿಲ್ಲುವ ಸೆಲ್ವಿ ಅಕ್ಕ. ಅದೇ ಕೌಂಟರಿನಲ್ಲಿ ಹದಿನಾರು ವರ್ಷದಿಂದ ನಿಂತವಳು.

ಅಂಗಡಿಯಲ್ಲಿ ದುಡಿಯುವವರಿಗೆ ಕೂರಲು ವ್ಯವಸ್ಥೆ ಇರಬೇಕು ಎಂದು ಸರ್ಕಾರ ಕಾನೂನು ಮಾಡಿದೆ. ಅದರ ಪ್ರಕಾರ ನಮ್ಮ ಕೌಂಟರಿಗೂ ಒಂದು ಹೊಸ ಸ್ಟೂಲು ಬಂತು. ಅದಕ್ಕೆ ‘ಸೀಟಿಂಗ್’ ಎಂದು ಹೊಸ ಹೆಸರು. ಸುತ್ತಿದ ಪ್ಲಾಸ್ಟಿಕ್ ಕೂಡ ಬಿಚ್ಚದೆ ಮೂಲೆಯಲ್ಲಿಟ್ಟರು. ಕೂರಬೇಡಿ ಎಂದು ಯಾರೂ ಹೇಳಲಿಲ್ಲ. ಆದರೆ ನೆತ್ತಿಯ ಮೇಲೆ ಕ್ಯಾಮೆರಾ ಇತ್ತು, ಬೇರೆ ಮಹಡಿಯಲ್ಲಿ ಕೂತವಳೊಬ್ಬಳನ್ನು ಮರುವಾರವೇ ಗೋಡೌನಿಗೆ ಹಾಕಿದ್ದರು. ಆರು ಜನ ಹೆಂಗಸರು ಅದರ ಧೂಳು ಒರೆಸಿಕೊಂಡು ನಿಂತೇ ಇದ್ದೆವು.

ಎರಡನೇ ವರ್ಷಕ್ಕೆ ನನ್ನ ಕಾಲಿನ ನರಗಳು ನೀಲಿಗಟ್ಟಿ ಉಬ್ಬಿದವು. ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ: ನಡುನಡುವೆ ಕೂರಬೇಕು, ಆಗದಿದ್ದರೆ ಈ ಕೆಲಸ ಬಿಡಬೇಕು. ಬಿಟ್ಟರೆ ಮತ್ತೆ ಅದೇ ಕೋಣೆ, ಅದೇ ಗೋಡೆ. ಇಳಕಲ್ಲಿನಲ್ಲಿ ನನ್ನ ಅಕ್ಕನದೊಂದು ಚಿಕ್ಕ ಸೀರೆ ಅಂಗಡಿ ಇದೆ. ಒಂದು ವರ್ಷ ಬಂದು ತನ್ನ ಜೊತೆ ಗಾದಿಯ ಮೇಲೆ ಕೂತು ಮಾರು, ಕಾಲು ಸರಿಹೋಗಲಿ ಎಂದು ಅವಳು ಕರೆಯುತ್ತಲೇ ಇದ್ದಳು. ಬೇರೆ ಯಾರನ್ನೂ ತೆಗೆದುಕೊಳ್ಳದೆ ಕಾಯುತ್ತಿದ್ದಳು. ಗಂಡನೂ ಒಪ್ಪಿದ್ದ. ಒಪ್ಪದವಳು ನಾನು. ಚೆನ್ನೈಯಲ್ಲಿ ಬಾಳಲಾರದೆ ವಾಪಸು ಬಂದಳು ಎಂದು ಓಣಿಯವರು ಆಡಿಕೊಳ್ಳುವುದು ನನಗೆ ಬೇಕಿರಲಿಲ್ಲ.

ಹೀಗೆ ಹೋಗಲೋ ಇರಲೋ ಎಂದು ಒದ್ದಾಡುತ್ತಿದ್ದಾಗ ಗುಳೇದಗುಡ್ಡದ ಅಜ್ಜಿಯೊಬ್ಬರು ನಮ್ಮ ಕೌಂಟರಿಗೆ ಬಂದರು. ವೆಸ್ಟ್ ಮಾಂಬಲಂನಲ್ಲಿರುವ ಮಗಳ ಮನೆಯಲ್ಲಿ ಮದುವೆ, ಸೀರೆ ಆರಿಸಲು ಮಗಳೇ ಕರೆತಂದಿದ್ದಳು. ನನ್ನ ಬಾಯಲ್ಲಿ ನಮ್ಮ ಕಡೆಯ ಮಾತು ಕೇಳಿ ಅಜ್ಜಿಯ ಮುಖ ಅರಳಿತು. ನಾಲ್ಕು ಸೀರೆ ಬಿಡಿಸುವಷ್ಟರಲ್ಲಿ ನಾನು ಕಾಲು ಬದಲಿಸಿ ಬದಲಿಸಿ ನಿಲ್ಲುವುದು ಅವರ ಕಣ್ಣಿಗೆ ಬಿತ್ತು.

“ನೀ ನಿಂತು ತೋರಸೂದು, ನಾ ಕುಂತು ನೋಡೂದು, ಇದ್ಯಾವ ಪದ್ಧತಿ? ಕುಂಡ್ರವ್ವ.”

“ಇರ್ಲಿ ಬಿಡ್ರಿ ಅಜ್ಜಿ, ನನಗ ರೂಢಿ ಆಗೇತಿ” ಎಂದೆ.

“ಹಂಗಾರ ನಾನೂ ನಿಂತು ನೋಡ್ತೀನಿ” ಎಂದು ಅಜ್ಜಿ ಎದ್ದೇಬಿಟ್ಟರು.

ಗಿರಾಕಿ ನಿಂತಿದ್ದಾರೆ! ಸೂಪರ್‌ವೈಸರು ಹೌಹಾರಿ ಬಂದು ಚೇರ್ ಸರಿಸಿದರು, ಇನ್ನೊಂದು ಚೇರ್ ತಂದರು, ಕೂಲ್‌ಡ್ರಿಂಕ್ ತರಿಸಲೇ ಎಂದರು. ಅಜ್ಜಿ ಜಗ್ಗಲಿಲ್ಲ. ಈ ಹುಡುಗಿ ಕೂರುವ ತನಕ ಅಮ್ಮ ಕೂರುವುದಿಲ್ಲವಂತೆ ಎಂದು ಮಗಳು ನಗುತ್ತ ತಮಿಳಿನಲ್ಲಿ ಹೇಳಿದಳು. ಸೂಪರ್‌ವೈಸರು ಒಮ್ಮೆ ಕ್ಯಾಮೆರಾ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಮೇಲೆ ಮೂಲೆಯ ಸ್ಟೂಲನ್ನು ತಾವೇ ತಂದಿಟ್ಟು “ಉಕ್ಕಾರುಮ್ಮಾ” ಎಂದರು. ಕೂತುಕೋ ಎಂಬ ಆ ಮಾತನ್ನು ಅವರು ನಮ್ಮಲ್ಲಿ ಯಾರಿಗೂ ಹೇಳಿದ್ದನ್ನು ಅದುವರೆಗೆ ಕೇಳಿರಲಿಲ್ಲ.

ಪ್ಲಾಸ್ಟಿಕ್ ಸಮೇತ ಕೂತೆ. ಕಾಲಿನ ಸೆಳೆತ ನಿಧಾನಕ್ಕೆ ಇಳಿಯತೊಡಗಿದಾಗ ಕಣ್ಣು ತುಂಬಿಬಂತು. ಮುಖ ತಿರುಗಿಸಿ ಒರೆಸಿಕೊಂಡೆ. ಮುಕ್ಕಾಲು ಗಂಟೆ ಕೂತೇ ಸೀರೆ ತೋರಿಸಿದೆ. ಅಜ್ಜಿ ಆರು ಸೀರೆ ಆರಿಸಿ, ನನ್ನ ತಲೆ ಸವರಿ ಹೊರಟರು. ಲಿಫ್ಟಿನ ಬಾಗಿಲು ಮುಚ್ಚಿತು. ಏಳು ಎಂದು ನನಗೆ ಯಾರೂ ಹೇಳಲಿಲ್ಲ. ಸೂಪರ್‌ವೈಸರು ಆಗಲೇ ಬೇರೆ ಕೌಂಟರಿಗೆ ಹೋಗಿದ್ದರು. ನಾನೇ ಎದ್ದೆ. ಎದ್ದು, ಸ್ಟೂಲನ್ನು ಮೂಲೆಗೆ ಒಯ್ದಿಟ್ಟೆ. ಸೆಲ್ವಿ ಅಕ್ಕ “ಏನ್ ಎಳುಂದೇ?” ಎಂದು, ಯಾಕೆ ಎದ್ದೆ ಎಂದು, ಮೆಲ್ಲಗೆ ಕೇಳಿದಳು. ನಾನು ಬಿಡಿಸಿದ ಸೀರೆಗಳನ್ನು ಮಡಚತೊಡಗಿದೆ.

ವಾರದ ರಜೆಯ ದಿನ ಬೆಳಿಗ್ಗೆ ಇಳಕಲ್ಲಿನಿಂದ ಅಕ್ಕ ಫೋನ್ ಮಾಡಿದಳು. ಎದ್ದ ಕಥೆ ಬಿಟ್ಟು ಕೂತ ಕಥೆಯನ್ನಷ್ಟೇ ಹೇಳಿದೆ. ಸೂಪರ್‌ವೈಸರೇ ಸ್ಟೂಲು ತಂದರು ಎಂಬುದನ್ನು ಎರಡು ಸಲ ಹೇಳಿದೆ. ಅಕ್ಕ ನಕ್ಕಳು, ನಿಟ್ಟುಸಿರಿಟ್ಟಳು.

“ಅಂತೂ ಕುಂಡ್ರಾಕ ಕೊಟ್ರಲ್ಲ, ಚಲೋ ಆತು. ನೀ ಬರ್ತಿ ಅಂತ ನಾ ಯಾರನ್ನೂ ತಗೊಂಡಿದ್ದಿಲ್ಲ. ನಾಳಿಂದ ನಮ್ಮ ಓಣಿ ನೀಲವ್ವನ್ನ ಅಂಗಡ್ಯಾಗ ಇಟ್ಕೋಳ್ಳೇನು?”

ಬೇಡ ಅಕ್ಕಾ, ಇನ್ನೊಂದು ತಿಂಗಳು ತಡೆ ಅನ್ನಬೇಕಿತ್ತು. “ಇಟ್ಕೋ” ಎಂದೆ.

ಫೋನ್ ಇಟ್ಟ ಮೇಲೆ ನೋಡಿಕೊಂಡೆ. ಮನೆಯಲ್ಲಿದ್ದ ಎರಡು ಕುರ್ಚಿಗಳೂ ಖಾಲಿಯೇ ಇದ್ದವು. ಇಷ್ಟು ಹೊತ್ತೂ ನಾನು ನಿಂತೇ ಮಾತಾಡಿದ್ದೆ.