ಮೊದಲನೆಯ ಡಿಸ್ಕು

ಅವಳ ಬಲಗೈ ಕಿರುಬೆರಳು ಮಡಚುತ್ತಿರಲಿಲ್ಲ. ಚಿಕ್ಕಂದಿನಲ್ಲಿ ದೇವಲಾಪುರದ ಹೊಲದಲ್ಲಿ ರಾಗಿ ಕುಯ್ಯುವಾಗ ಕುಡುಗೋಲು ತಗುಲಿ ನರ ಕತ್ತರಿಸಿ ಹೋಗಿತ್ತಂತೆ. ಕೀಬೋರ್ಡಿನ ಮೇಲೆ ಉಳಿದ ಬೆರಳುಗಳೆಲ್ಲ ಓಡಾಡುವಾಗ ಅದೊಂದು ಮಾತ್ರ ನೆಟ್ಟಗೆ ನಿಂತಿರುತ್ತಿತ್ತು. ಹಾಗಿದ್ದೂ ಅವಳ ವೇಗಕ್ಕೆ ನಾನು ಒಂದು ದಿನವೂ ಸಮನಾಗಲಿಲ್ಲ. ನನ್ನ ಹತ್ತು ಬೆರಳೂ ಸರಿಯಾಗಿಯೇ ಇದ್ದವು.

ಅವಳು ನನ್ನ ವಾರಗಿತ್ತಿ, ಗಂಡನ ಅಣ್ಣನ ಹೆಂಡತಿ. ಬಾಯಲ್ಲಿ ಅಕ್ಕ ಎನ್ನುತ್ತಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ, ಜೊತೆಗೆ ನಾಗಮಂಗಲದ ಟೈಪಿಂಗ್ ಶಾಲೆಯಲ್ಲಿ ಸೀನಿಯರ್ ಪಾಸು. ನಾನು ಮೈಸೂರಿನವಳು, ಬಿ.ಕಾಂ., ಮೇಲೆ ಆರು ತಿಂಗಳ ಕಂಪ್ಯೂಟರ್ ಕೋರ್ಸು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಪಾಂಡವಪುರದ ಗಂಡನ ಮನೆಯ ಹಜಾರದಲ್ಲಿ ನೇತುಹಾಕಿಸಿದ್ದೆ. ತೊಂಬತ್ತರ ದಶಕದ ನಡುವೆ ನಮ್ಮ ಮಾವ ಮನೆಗೊಂದು ಕಂಪ್ಯೂಟರು ತಂದಾಗ, ಅದು ಬಂದದ್ದೇ ನನಗಾಗಿ ಎಂದು ತಿಳಿದುಕೊಂಡಿದ್ದೆ.

ಮಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿ ನಿವೃತ್ತರಾದವರು. ಮೈಸೂರಿನ ಅಂಗಡಿಯವನು ಪತ್ರ, ಪಟ್ಟಿ ಮಾಡುವ ಆಫೀಸ್ ಸಾಫ್ಟ್‌ವೇರನ್ನು ನಕಲು ಮಾಡಿ ಸುಮ್ಮನೆ ಹಾಕಿಕೊಡುತ್ತೇನೆಂದಾಗ ಅವರಿಗೆ ಸಿಟ್ಟು ಬಂದಿತ್ತು. "ಸೀಲಿಲ್ದ ತೂಕದ ಕಲ್ಲ ಕಂಡ್ರೆ ಕಿತ್ಕಂಡ್ ಬತ್ತಿದ್ದೋನು ನಾನು. ಈಗ ನನ್ ಮನೆ ಒಳಕ್ಕೇ ಕಳ್ಮಾಲ್ ಬುಟ್ಕಳ್ಳಾ?" ಎಂದು ಅಸಲಿ ಪೆಟ್ಟಿಗೆಯನ್ನೇ ತಂದಿದ್ದರು. ಒಳಗೆ ಇಪ್ಪತ್ತಕ್ಕೂ ಹೆಚ್ಚು ಫ್ಲಾಪಿ ಡಿಸ್ಕುಗಳು, ಒಂದು ದಪ್ಪ ಪುಸ್ತಕ, ಸಣ್ಣಕ್ಷರದ ಲೈಸೆನ್ಸ್ ಕಾಗದ.

ಆ ಕಾಗದವನ್ನು ನಾನು ಓದಲಿಲ್ಲ. ಅವಳು ಓದಿದಳು. ಸಾರಿಗೆ ಒಗ್ಗರಣೆ ಹಾಕಿ ಬಂದು ಎರಡು ಸಾಲು, ಬಟ್ಟೆ ಒಣಹಾಕಿ ಬಂದು ಎರಡು ಸಾಲು, ಪಕ್ಕದಲ್ಲಿ ಇಂಗ್ಲಿಷ್ ಕನ್ನಡ ನಿಘಂಟು. ಒಂದು ವಾರ ಹಿಡಿಯಿತು. ದಪ್ಪ ಪುಸ್ತಕಕ್ಕೆ ಎರಡು ತಿಂಗಳು. ಅಷ್ಟರಲ್ಲಿ ನಾನು ಕೋರ್ಸಿನಲ್ಲಿ ಕಲಿತದ್ದನ್ನೆಲ್ಲ ಮನೆಯವರಿಗೆ ತೋರಿಸಿ ಮುಗಿಸಿದ್ದೆ. ಯಂತ್ರ ಮೊದಲ ಸಲ ಕೆಟ್ಟು ನಿಂತಾಗ ನಾನು ಮೈಸೂರಿಗೆ ಕಳಿಸೋಣ ಎಂದೆ. ಅವಳು ಸೆರಗು ಸಿಕ್ಕಿಸಿಕೊಂಡು ಕೂತು, ಎಲ್ಲವನ್ನೂ ಅಳಿಸಿ, ಒಂದೊಂದೇ ಡಿಸ್ಕು ಹಾಕಿ ತೆಗೆದು, ಮಧ್ಯಾಹ್ನದ ಊಟದ ಹೊತ್ತಿಗೆ ಹೊಸದರ ಹಾಗೆ ಮಾಡಿಟ್ಟಳು. ಅಂದಿನಿಂದ ಏನು ಕೇಳಿದರೂ ನನ್ನ ಗಂಡನೂ, "ಅತ್ತಿಗೇನ್ ಕೇಳು, ಅವ್ರಿಗ್ ಗೊತ್ತಿರ್ತದೆ" ಎನ್ನತೊಡಗಿದರು. ಆ ಮಾತು ಕೇಳಿದಾಗಲೆಲ್ಲ ಗೋಡೆಯ ಮೇಲಿನ ಸರ್ಟಿಫಿಕೇಟನ್ನು ಇಳಿಸಿಬಿಡೋಣ ಎನ್ನಿಸುತ್ತಿತ್ತು.

ಆಗಷ್ಟೇ ಮನೆಗಳಿಗೆ ಕಂಪ್ಯೂಟರು ಬರುತ್ತಿದ್ದ ಕಾಲ. ಕೆಟ್ಟರೆ ನೋಡುವವರಿಲ್ಲ. ಸುದ್ದಿ ಹಬ್ಬಿ ಕೆ.ಆರ್. ಪೇಟೆ, ನಾಗಮಂಗಲ, ಹೊಣಕೆರೆಯಿಂದೆಲ್ಲ ಅವಳಿಗೆ ಕರೆ ಬರುತ್ತಿತ್ತು. ಬಟ್ಟೆ ಚೀಲ ಹಿಡಿದು ಬಸ್ಸು ಹತ್ತುತ್ತಿದ್ದಳು. ಯಾರ ಮನೆಗೆ ಹೋದರೂ ಮೊದಲ ಮಾತು ಒಂದೇ: "ಇದ್ರೊಳಗೆ ನಿಮ್ದು ಏನೇನದೆ ಏಳಿ, ಮೊದ್ಲು ಅದ್ನ ಆಚೆ ತಗೀವಾ. ಸುಣ್ಣ ಹೊಡ್ಯಕ್ ಮುಂಚೆ ಪಾತ್ರೆ ಪಗಡೇವ ಆಚೆಗ್ ಇಡಾಕಿಲ್ವಾ?" ಯಾರೊಬ್ಬರ ಒಂದು ಕಾಗದವೂ ಅವಳ ಕೈಯಲ್ಲಿ ಅಳಿಸಿಹೋಗಲಿಲ್ಲ.

ಒಂದು ಸಲ ಜೊತೆಗೆ ನಾನೂ ಹೋಗಿದ್ದೆ, ಕೆ.ಆರ್. ಪೇಟೆಯ ಒಬ್ಬ ಲಾಯರ ಮನೆಗೆ. ಅವರು ನಮ್ಮ ತವರಿನ ಕಡೆ ಪರಿಚಯದವರು. ನಮ್ಮ ಡಿಸ್ಕುಗಳಿಂದಲೇ ಅವರಿಗೂ ಹಾಕಿಕೊಡುತ್ತೇವೆಂದು ನಾನು ಮೊದಲೇ ಮಾತು ಕೊಟ್ಟಿದ್ದೆ. ಅವಳು ಒಪ್ಪಲಿಲ್ಲ.

"ಇದು ನಮ್ಮನೆ ಒಂದ್ ಮಿಷಿನ್‌ಗೆ ಅಂತ ಬರ್ಕೊಟ್ಟಿರಾದು ಸಾರ್. ನಿಮ್ ಪೆಟ್ಗೆ ತರ್ಸಿ, ಬಂದು ಆಕ್ಕೊಡ್ತೀನಿ."

"ಅಲ್ಲ ಕಣವ್ವ, ಊರೋರೆಲ್ಲ ಇಂಗೇ ಆಕ್ಕಂತಾವ್ರೆ. ನಂತಾವೇ ಕಾನೂನ್ ಮಾತಾಡೀಯಲ್ಲ ನೀನು?"

"ಲಾಯ್ರಾಗಿ ನೀವೇ ಇಂಗಂದ್ರೆ ಎಂಗೆ ಸಾರ್? ಕರಾರು ಅಂದ್ರೆ ಕರಾರೇ ಅಲ್ವಾ? ಕಾಗ್ದ ಇಲ್ಲೇ ಅದೆ, ಓದಿ. ನಿಮ್ಗೆ ಇಂಗ್ಲಿಷು ನನ್ಗಿಂತ ಚೆನ್ನಾಗ್ ಬತ್ತದೆ."

ಲಾಯರು ಕನ್ನಡಕ ಹಾಕಿಕೊಂಡು ನಿಜವಾಗಿಯೂ ಓದಿದರು. ಕೊನೆಗೆ ನಕ್ಕು, "ನಮ್ ಕೋರ್ಟಲ್ಲೂ ಇಂಗ್ ಓದೋರಿಲ್ಲ ಬುಡು" ಎಂದರು. ಮುಂದಿನ ತಿಂಗಳು ಪೆಟ್ಟಿಗೆಯನ್ನೂ ತರಿಸಿದರು. ಅವತ್ತು ವಾಪಸು ಬರುವಾಗ ಬಸ್ಸಿನಲ್ಲಿ ನಾನು ಬೇರೆ ಸೀಟು ಹಿಡಿದು ಕೂತೆ. ಮಾತು ಕೊಟ್ಟವಳು ನಾನು, ಮರ್ಯಾದೆ ಸಿಕ್ಕಿದ್ದು ಅವಳಿಗೆ. ಕಿಟಕಿಗೆ ತಲೆ ಆನಿಸಿಕೊಂಡು ಅವಳು ಹಾಯಾಗಿ ನಿದ್ದೆ ಹೋಗಿದ್ದಳು. ಅದನ್ನು ನೋಡಿ ಹೊಟ್ಟೆ ಇನ್ನಷ್ಟು ಉರಿಯಿತು.

ಅದೇ ವರ್ಷ ಶ್ರೀರಂಗಪಟ್ಟಣದಲ್ಲಿ ನಿವೃತ್ತ ಹೆಡ್‌ಮಾಸ್ತರರೊಬ್ಬರು ಕಂಪ್ಯೂಟರ್ ಕಲಿಸುವ ಕೇಂದ್ರ ತೆರೆಯಲು ಹೊರಟರು. ಆರು ಯಂತ್ರ, ಕಲಿಸಲು ಒಬ್ಬ ಟೀಚರು. ಅವರಿಗೆ ಯಾರೋ ನಮ್ಮ ಮನೆಯ ಇಬ್ಬರು ಸೊಸೆಯರ ವಿಷಯ ಹೇಳಿದ್ದರು. ನಮ್ಮ ಆಫೀಸ್ ಸಾಫ್ಟ್‌ವೇರಿನ ಹೊಸ ಆವೃತ್ತಿ ಆಗ ಸಿ.ಡಿ.ಯಲ್ಲಿ ಬಂದಿತ್ತು. ಹಳೆಯದನ್ನು ಕೊಂಡವರಿಗೆ ಕಡಿಮೆ ಬೆಲೆಯಲ್ಲಿ ಕೊಡುತ್ತಾರೆಂದು ಮಾವ ತರಿಸಿದ್ದರು. "ಭಾನುವಾರ ಬಂದು ಹಾಕೋದನ್ನ ನಾನೂ ನೋಡ್ತೀನಿ. ಆಮೇಲೆ ಟೀಚರಾಗಿ ಇಬ್ಬರಲ್ಲಿ ಒಬ್ಬರನ್ನ ಕಳಿಸಿಕೊಡಿ ಸಾಕು" ಎಂದು ಹೆಡ್‌ಮಾಸ್ತರರು ಹೇಳಿ ಕಳಿಸಿದರು. ಒಬ್ಬರು ಅಂದರೆ ಯಾರು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅತ್ತೆ ಆಗಲೇ ಅವಳಿಗೆ ಎರಡು ಹೊಸ ರವಿಕೆ ಹೊಲಿಯಲು ಕೊಟ್ಟಿದ್ದರು.

ಕಡಿಮೆ ಬೆಲೆಯ ಆ ಸಿ.ಡಿ.ಗೆ ಒಂದು ಷರತ್ತಿತ್ತು. ಹಳೆಯದು ನಿಮ್ಮ ಬಳಿ ನಿಜವಾಗಿಯೂ ಇದೆಯೆಂದು ತೋರಿಸಲು, ಯಂತ್ರ ಕೇಳಿದಾಗ ಹಳೆಯ ಸೆಟ್ಟಿನ ಮೊದಲನೆಯ ಡಿಸ್ಕನ್ನು ಹಾಕಬೇಕು. ಇಲ್ಲದಿದ್ದರೆ ಮುಂದಕ್ಕೆ ಹೋಗದು. ಇದನ್ನು ಅವಳೇ ಹಿಂದಿನ ದಿನ ನನಗೆ ಓದಿ ಹೇಳಿದಳು. ಹೇಳಿ, ಹಪ್ಪಳ ಒಣಹಾಕಲು ತಾರಸಿಗೆ ಹೋದಳು. ನಾನು ಪೆಟ್ಟಿಗೆ ತೆರೆದೆ. ಮೊದಲನೆಯ ಡಿಸ್ಕನ್ನು ತೆಗೆದು ನನ್ನ ಟ್ರಂಕಿನಲ್ಲಿ ಧಾರೆಸೀರೆಯ ಮಡಿಕೆಯೊಳಗೆ ಇಟ್ಟೆ. ಒಂದಿಷ್ಟೂ ಅಳುಕದೆ ಪೆಟ್ಟಿಗೆಯನ್ನು ಮೊದಲಿನ ಹಾಗೇ ಮುಚ್ಚಿಟ್ಟೆ. ಅದನ್ನು ಇವತ್ತಿಗೂ ನೆನೆದುಕೊಳ್ಳುತ್ತೇನೆ.

ಭಾನುವಾರ ಹೆಡ್‌ಮಾಸ್ತರರು ಬಂದರು. ಮಾವ ಅವರಿಗೆ ಕುರ್ಚಿ ಹಾಕಿಸಿ ಪಕ್ಕದಲ್ಲಿ ಕೂತರು. ಯಂತ್ರ ನಿಧಾನವಾಗಿದೆಯೆಂದು ಅವಳು ಬೆಳಿಗ್ಗೆಯೇ ಎಲ್ಲವನ್ನೂ ಅಳಿಸಿ ಸಿದ್ಧ ಮಾಡಿಟ್ಟಿದ್ದಳು. ಒಂದೊಂದು ಹಂತವನ್ನೂ ಮೇಷ್ಟ್ರಿಗೆ ತಿಳಿಯುವ ಹಾಗೆ ಬಿಡಿಸಿ ಹೇಳುತ್ತ ಹೋದಳು. ಪರದೆ ಮೊದಲನೆಯ ಡಿಸ್ಕು ಕೇಳಿತು. ಅವಳು ಪೆಟ್ಟಿಗೆ ತೆರೆದಳು. ಮೇಲಿದ್ದದ್ದು ಎರಡನೆಯದು. ಎಲ್ಲವನ್ನೂ ಹೊರಗೆ ಹರಡಿ ಎರಡು ಸಲ ಎಣಿಸಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಒಂದು ಗಳಿಗೆ, ಅಷ್ಟೇ.

"ನಾನೇ ಎಲ್ಲೋ ಇಟ್ಬುಟ್ಟಿವ್ನಿ ಮಾವ" ಎಂದಳು.

ಮಾವನಿಗೆ ಹೊರಗಿನವರ ಮುಂದೆ ಅವಮಾನವಾಗಿತ್ತು. "ಒಂದ್ ಡಿಸ್ಕು ಜೋಪಾನ ಮಾಡಕ್ಕಾಗ್ನಿಲ್ವಾ ನಿನ್ ಕೈಲಿ? ಆರ್ ಮಿಷಿನ್ ಏನ್ ನೋಡ್ಕಂಡೀಯ?" ಎಂದು ಗದರಿದರು. ಹೆಡ್‌ಮಾಸ್ತರರು ಮುಜುಗರಪಟ್ಟು ಗೋಡೆಯ ಕಡೆ ತಿರುಗಿದರು. ಅಲ್ಲಿ ನನ್ನ ಸರ್ಟಿಫಿಕೇಟು ಇತ್ತು. ಮುಂದಿನ ಸೋಮವಾರದಿಂದ ನಾನು ಶ್ರೀರಂಗಪಟ್ಟಣದ ಬಸ್ಸು ಹತ್ತಿದೆ. ಅದಕ್ಕೆ ಮುಂಚೆ ಡಿಸ್ಕನ್ನು ಮೇಜಿನ ಹಿಂದೆ ಬೀಳಿಸಿ, ಗುಡಿಸುವಾಗ ನಾನೇ ಹುಡುಕಿ ಕೊಟ್ಟಂತೆ ಮಾಡಿದೆ. ಅವಳು ಸೆರಗಿನಿಂದ ಅದರ ಧೂಳು ಒರೆಸಿ ಯಂತ್ರಕ್ಕೆ ಹಾಕಿದಳು. ಅರ್ಧ ಗಂಟೆಯಲ್ಲಿ ಹೊಸ ಆವೃತ್ತಿ ಕೂತಿತು.

ಕೆಲಸ ಸಿಕ್ಕಿತು, ಕೆಲಸ ಬರಲಿಲ್ಲ. ಮರುವರ್ಷ ಕೇಂದ್ರದ ಆರೂ ಯಂತ್ರಗಳಿಗೆ ಹೊಸ ಆವೃತ್ತಿ ಹಾಕಲು ಹೋಗಿ ನಾಲ್ಕನ್ನು ಕೆಡಿಸಿ ಕೂತೆ. ಸೋಮವಾರ ವಿದ್ಯಾರ್ಥಿಗಳಿಗೆ ಪರೀಕ್ಷೆ. ಶನಿವಾರ ಸಂಜೆ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಅವಳು ಮುದ್ದೆ ತಿರುವುತ್ತಿದ್ದವಳು ಕೋಲು ನಿಲ್ಲಿಸದೆಯೇ, "ಬೆಳಿಗ್ಗೆ ಮೊದಲ್ನೇ ಬಸ್ಸಿಗೆ ಓಗವಾ ನಡಿ" ಎಂದಳು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಆರೂ ಯಂತ್ರ ಎದ್ದು ಕೂತಿದ್ದವು. ಕೊನೆಯ ಎರಡನ್ನು ನನ್ನ ಕೈಯಿಂದಲೇ ಮಾಡಿಸಿದಳು. ಕೇಂದ್ರದ ತಾರಸಿಯ ಮೇಲೆ ಬುತ್ತಿ ಬಿಚ್ಚಿದೆವು. ದೂರದಲ್ಲಿ ಕರಿಘಟ್ಟದ ಬೆಟ್ಟ ಬಿಸಿಲಿಗೆ ಮಸುಕಾಗಿ ಕಾಣುತ್ತಿತ್ತು. ಅವಳು ಮೊಸರನ್ನ ಕಲಸುತ್ತ ನನ್ನ ಮುಖ ನೋಡದೆ ಹೇಳಿದಳು:

"ಅವತ್ತು ಡಿಸ್ಕ್ ತಗ್ದಿಟ್ಟೋಳು ನೀನೇ ಅಂತ ನಂಗೊತ್ತಿತ್ತು ಕಣಮ್ಮಿ."

ಕೈಯಲ್ಲಿದ್ದ ತುತ್ತನ್ನು ಕೆಳಗಿಟ್ಟೆ.

"ನಂತಾವ ಅದ್ರ ನಕಲೂ ಇತ್ತು. ಜೋಪಾನಕ್ಕೆ ಒಂದ್ ನಕಲು ಮಾಡಿಟ್ಕಬೌದು ಅಂತ ಲೈಸೆನ್ಸಲ್ಲೇ ಬರ್ದದೆ. ಬೀರುಲಿತ್ತು."

"ಮತ್ಯಾಕಕ್ಕ ತೆಗೀಲಿಲ್ಲ?"

"ತಗುದಿದ್ರೆ ಕೆಲ್ಸ ನಂದಾಗೋದು. ಆಮೇಕೆ ನೀನು ನನ್ ಮಕ ನೋಡ್ತಿದ್ಯಾ? ಒಂದೇ ಒಲೆ ಮುಂದೆ ಇಬ್ರೂ ಎಂಗ್ ಕೂರಾದು?" ಉಪ್ಪಿನಕಾಯಿ ನನ್ನ ಕಡೆ ಸರಿಸಿ ಹೇಳಿದಳು, "ನಂಗೇನ್ ಆಸೆ ಇರ್ನಿಲ್ವಾ? ಇತ್ತು. ಇನ್ನೊಂದ್ ದಪ ನನ್ ಡಿಸ್ಕ್ ಮುಟ್ಬ್ಯಾಡ."

ಕ್ಷಮೆ ಕೇಳಬೇಕಿತ್ತು. ಕೇಳಲಿಲ್ಲ. ಆ ಗಳಿಗೆಯಲ್ಲಿ ನನ್ನೊಳಗೆ ಎದ್ದದ್ದೂ ಹೊಟ್ಟೆಕಿಚ್ಚೇ. ಬಿಟ್ಟುಕೊಡುವುದರಲ್ಲೂ ಇವಳೇ ಮುಂದಾದಳಲ್ಲ ಎನ್ನಿಸಿತು.

ಆ ಕೆಲಸದ ಅನುಭವ ಹಿಡಿದೇ ಮುಂದೆ ನನಗೆ ಕಾಲೇಜಿನಲ್ಲಿ ಕೆಲಸವಾಯಿತು. ಅವಳು ಬಟ್ಟೆ ಚೀಲ ಹಿಡಿದು ನಾಗಮಂಗಲ, ಹೊಣಕೆರೆ ಎಂದು ಬಸ್ಸು ಹತ್ತುತ್ತಲೇ ಇದ್ದಳು. ಮನೆಯಲ್ಲಿ ಆ ಭಾನುವಾರ ಒಂದು ತಮಾಷೆಯ ಕತೆಯಾಗಿ ಉಳಿಯಿತು. ನೆಂಟರು ಬಂದಾಗಲೆಲ್ಲ ಮಾವ, "ನಮ್ ದೊಡ್ ಸೊಸೆ ಎಲ್ಲಾ ಬಲ್ಲವ್ಳು, ಡಿಸ್ಕೊಂದ್ ಕಳ್ಕಂಬುಡ್ತಾಳೆ" ಎನ್ನುವರು. ಎಲ್ಲರೂ ನಗುವರು. ಅವಳೂ ನಗುವಳು. ಒಂದು ಚೀಟಿಯನ್ನೂ ಕಳೆಯದ ಹೆಂಗಸಿಗೆ ಆ ಹೆಸರು ಅಂಟಿಕೊಂಡಿತು. ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ.

ಎಷ್ಟೋ ವರ್ಷಗಳ ಮೇಲೆ, ಕಾಮಾಲೆ ತಡವಾಗಿ ಗೊತ್ತಾಗಿ ಒಂದೇ ತಿಂಗಳಲ್ಲಿ ಅವಳು ಹೋದಳು. ಅಷ್ಟು ಹೊತ್ತಿಗೆ ಮಾವ, ಅತ್ತೆ ಇಬ್ಬರೂ ಇರಲಿಲ್ಲ. ತಿಥಿಯ ದಿನ ನಮಗೆ ಗುರುತೇ ಇಲ್ಲದ ಎಷ್ಟೋ ಜನ ಬಂದರು. ಕೆ.ಆರ್. ಪೇಟೆಯ ಲಾಯರು ಕೋಲೂರಿಕೊಂಡು ಬಂದು ಫೋಟೋದ ಮುಂದೆ ಬಹಳ ಹೊತ್ತು ನಿಂತಿದ್ದರು. ನಾನು ಸತ್ತರೆ ಇದರಲ್ಲಿ ಅರ್ಧ ಜನವಾದರೂ ಬಂದಾರೆಯೇ ಎಂದು ಎಣಿಸುತ್ತಿದ್ದೆ. ಸತ್ತವಳ ಮೇಲೂ ನನಗೆ ಹೊಟ್ಟೆಕಿಚ್ಚು ಹೋಗಿರಲಿಲ್ಲ.

ಬಂದವರಿಗೆ ಊಟವಾದ ಮೇಲೆ ಅವಳ ಗಂಡ, ನನ್ನ ಭಾವ, ಜಗಲಿಯ ಮೇಲೆ ಕೂತು, ಅಳುವನ್ನು ತಡೆಯಲೆಂದೋ ಏನೋ, ಅವಳ ಸುದ್ದಿ ಹೇಳತೊಡಗಿದರು. ಹೇಳುತ್ತ ಹೇಳುತ್ತ ಆ ಕತೆಗೂ ಬಂದರು. "ಎಲ್ಲಾದ್ರಗೂ ಗಟ್ಟಿಗಿತ್ತಿ. ಅದೊಂದ್ ದಿನ ಮಾತ್ರ ಡಿಸ್ಕ್ ಕಳ್ಕಂಬುಟ್ಳು ನೋಡಿ" ಎಂದರು. ಕೂತವರು ಮೆಲ್ಲಗೆ ನಕ್ಕರು.

"ಅಕ್ಕ ಕಳೆದಿರಲಿಲ್ಲ ಭಾವ" ಎಂದೆ. "ನಾನು ಬಚ್ಚಿಟ್ಟಿದ್ದೆ. ಆ ಕೆಲಸ ಅಕ್ಕಂದು."

ನಗು ನಿಂತಿತು. ನನ್ನ ಗಂಡ ತಲೆ ತಗ್ಗಿಸಿದರು. ಭಾವ ನನ್ನನ್ನು ನೋಡುತ್ತಲೇ ಇದ್ದರು. ಬೈಯುತ್ತಾರೆಂದುಕೊಂಡೆ. ಅವರು ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು.

"ನಾನೂ ಅವ್ಳ್ನ ಆಡ್ಕಂಡ್ ನಗ್ತಿದ್ನಲ್ಲಮ್ಮ" ಎಂದು ಎದ್ದು ಒಳಗೆ ಹೋದರು.