ಕಾಗೆ ಮುಟ್ಟದ ಎಡೆ

ಸತ್ತವನಿಗೆ ವಕೀಲ ಬೇಕಾಗುವುದಿಲ್ಲ. ತಿಕೋಟಾದ ಮರೆಪ್ಪನಿಗೆ ಬೇಕಾಯಿತು, ಅದೂ ತಾನು ಸತ್ತಿಲ್ಲವೆಂದು ಹೇಳಿಸುವುದಕ್ಕೆ.

ಹೆಂಡತಿ ರೇಣವ್ವನನ್ನು ಅಣ್ಣ ಸಾಬಣ್ಣನ ಮನೆಯಲ್ಲಿ ಬಿಟ್ಟು ಅವನು ಕೊಯ್ನಾ ಅಣೆಕಟ್ಟಿಗೆ ಕಲ್ಲು ಒಡೆಯಲು ಹೋಗಿದ್ದ. ಅಲ್ಲಿಯ ಕೆಲಸ ಮುಗಿದದ್ದೇ ಕೂಲಿಯವರ ಮುಕಾದಮನ ಬೆನ್ನು ಹತ್ತಿ ಕೊಂಕಣಕ್ಕೆ ನಡೆದ, ಊರಿಗೆ ಒಂದು ಮಾತು ಹೇಳಿ ಕಳಿಸಲಿಲ್ಲ. ದಡ್ಡತನವೋ ಸೋಮಾರಿತನವೋ, ಎರಡೂ ಇರಬೇಕು. ಅರವತ್ತೇಳರಲ್ಲಿ ಕೊಯ್ನಾದ ನೆಲ ನಡುಗಿ ಮನೆಗಳು ಕುಸಿದವು. ಮನೆಯವರು ಕಾಯುವಷ್ಟು ಕಾದರು, ಆಮೇಲೆ ಅತ್ತರು. ಹೆಣ ಸಿಗದ್ದರಿಂದ ಅವನ ಧೋತರ, ರುಮಾಲುಗಳನ್ನೇ ಹೊಲದಲ್ಲಿ ಹೂಳಿ, ಮೇಲೊಂದು ಕಲ್ಲಿಟ್ಟು ಸುಣ್ಣ ಬಳಿದರು.

ಎಪ್ಪತ್ತೊಂದರಲ್ಲಿ, ಸತ್ತ ಹಿರಿಯರಿಗೆ ಎಡೆ ಇಡುವ ಮಾನಾಮಿ ಅಮಾಸಿ ಇನ್ನೇನು ಬಂತು ಎನ್ನುವಾಗ ಮರೆಪ್ಪ ತಿಕೋಟಾದಲ್ಲಿ ಬಸ್ಸಿಳಿದ. ಎದುರಾದವರೆಲ್ಲ ಮೊದಲು ಅವನ ಪಾದ ನೋಡಿದರು. ದೆವ್ವದ ಪಾದ ಹಿಂದುಮುಂದಾಗಿರುತ್ತದೆಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಪಾದಗಳು ನೆಟ್ಟಗೇ ಇದ್ದವು. ಆದರೂ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

ಸಾಬಣ್ಣ ಕೈಯಲ್ಲಿ ಚಪ್ಪಲಿ ಹಿಡಿದು ಹೊಸ್ತಿಲಲ್ಲೇ ನಿಂತ. ದೆವ್ವ ಚಪ್ಪಲಿಗೆ ಅಂಜುತ್ತದಂತೆ.

"ಅಮಾಸಿಗೆ ನಿನ್ನ ಹೆಸರಲೆ ಎಡಿ ಇಡತೀವೋ ಮರೆಪ್ಪಾ. ಒಂದ ವರ್ಷಾನೂ ಕಾಗಿ ಮುಟ್ಟಲಿಲ್ಲ. ನೀ ತಿರಗಾಕತ್ತಿ ಅಂತ ಅವಾಗ ತಿಳೀತು. ಏನ ಆಸೆ ಉಳದೈತಿ ಹೇಳು, ತೀರಸ್ತೀವಿ. ಒಳಗ ಮಾತ್ರ ಬರಬ್ಯಾಡ."

"ಅಣ್ಣಾ, ನಾ ಜೀವಂತ ಅದೀನಿ. ಬೇಕಾದ್ರ ಮುಟ್ಟಿ ನೋಡು."

"ಎಲ್ಲಾ ದೆವ್ವಾನೂ ಹಂಗ ಅಂತಾವು," ಎಂದು ಸಾಬಣ್ಣ ಕದ ಹಾಕಿಕೊಂಡ.

ಅವನು ಮೋಸಗಾರನಾಗಿದ್ದರೆ ಕೊರಳಪಟ್ಟಿ ಹಿಡಿದು ಜಗಳವಾಡಬಹುದಿತ್ತು. ಹೆದರಿದವನೊಂದಿಗೆ ಎಂಥ ಜಗಳ? ಮರೆಪ್ಪನಿಗೆ ಬೇಕಾದದ್ದು ಅಪ್ಪನ ಮನೆಯ ಒಂದು ಮೂಲೆ, ತನ್ನ ಹೆಸರು ಹಿಡಿದು ಕರೆಯುವ ನಾಲ್ಕು ಜನ. ಹೊಲಕ್ಕೆ ಹೋಗಿ ತನ್ನದೇ ಕಲ್ಲನ್ನು ನೋಡಿದ. ಯಾರೋ ಆಗಷ್ಟೇ ಸುಣ್ಣ ಬಳಿದು ಹೋಗಿದ್ದರು. ಬೆರಳಿಗೆ ಹಸಿ ಸುಣ್ಣ ಹತ್ತಿತು.

ಕೋರ್ಟು ಹೇಳಿದರೆ ಅಣ್ಣ ನಂಬಿಯಾನು ಎಂದುಕೊಂಡು ವಿಜಾಪುರಕ್ಕೆ ಹೋದ. ಕೋರ್ಟಿನ ಬೇವಿನ ಮರದ ಕೆಳಗೆ ಇನಾಮದಾರ ವಕೀಲರ ಗುಮಾಸ್ತ ಮಶಾಕಸಾಬ ಕೂತಿದ್ದ. ಕಕ್ಷಿದಾರರ ಕತೆ ಮೊದಲು ಈತನ ಕಿವಿಗೆ ಬಿದ್ದ ಮೇಲೆಯೇ ವಕೀಲರ ಬಾಗಿಲು ತೆರೆಯುತ್ತಿದ್ದದ್ದು. ಮಶಾಕಸಾಬ ಎಲ್ಲ ಕೇಳಿ ಎಲೆಯಡಿಕೆ ಉಗುಳಿದ.

"ಸಾಹೇಬ್ರು ಅಮಾಸಿ ಮರುದಿನ ಸಿಗತಾರ. ಅಷ್ಟರಾಗ ಮೊದಲಿಂದ ಕಡೀತನಕ ಸರಳ ಹೇಳಾಕ ರೂಢಿ ಮಾಡ್ಕೋ. ಏನೂ ಮುಚ್ಚಿಡಬ್ಯಾಡ. ನಿನ್ನ ಗುರುತ ಹಿಡಿಯಾವ್ರನ್ನ ಕರಕೊಂಡ ಬಾ. ಅಣ್ಣ ಬರಾಂಗಿಲ್ಲ ಅಂದ್ರ ಹೆಂಡತಿ ಬರಲಿ."

"ಆಕಿ ಬಬಲೇಶ್ವರದಾಗ ಉಡಿಕಿ ಆಗ್ಯಾಳಂತ್ರಿ. ಎರಡ ಮಕ್ಕಳಂತ."

ಮಶಾಕಸಾಬ ದನಿ ತಗ್ಗಿಸಿದ. "ಗಂಡ ಸತ್ತಾನಂತ ಉಡಿಕಿ ಆಗ್ಯಾಳ. ನೀ ಜೀವಂತ ಅದೀ ಅಂತ ಕೋರ್ಟ ಅಂದ್ರ ಆ ಮದವಿ ನಿಲ್ಲಾಂಗಿಲ್ಲ ತಮ್ಮಾ. ಮಕ್ಕಳ ಹೆಸರೂ ಕೆಡತೈತಿ. ಅದನ್ನೂ ಹೇಳೇ ಕೇಳು ಆಕಿನ್ನ." ಹೀಗೆನ್ನುತ್ತಲೇ ಆತನ ಕಣ್ಣು ಒಮ್ಮೆ ಮರೆಪ್ಪನ ಪಾದದತ್ತ ಜಾರಿತು.

ಅಮಾಸಿಯ ದಿನ ಮರೆಪ್ಪ ಬಬಲೇಶ್ವರದ ದಾರಿ ಹಿಡಿದ. ವಕೀಲರಿಗೆ ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಒಪ್ಪಿಸಿಕೊಂಡ. ನನ್ನ ಹೆಸರು ಮರೆಪ್ಪ. ನಾನು ಸತ್ತಿಲ್ಲ. ಹೇಳಿದಷ್ಟೂ ಆ ದನಿ ತನ್ನದಲ್ಲವೆನಿಸತೊಡಗಿತು. ಉರಿಬಿಸಿಲಿನಲ್ಲಿ ನಿಂತು ತನಗೆ ನೆರಳಿದೆಯೇ ಎಂದು ನೋಡಿಕೊಂಡ. ನಡುಮಧ್ಯಾಹ್ನವಾದ್ದರಿಂದ ನೆರಳು ಕಾಲಡಿಗೇ ಸೇರಿಕೊಂಡಿತ್ತು.

ರೇಣವ್ವ ಹಿತ್ತಿಲಲ್ಲಿ ಎಡೆ ಇಟ್ಟು "ಕಾ, ಕಾ" ಎಂದು ಕರೆಯುತ್ತಿದ್ದಳು. ಬೇವಿನ ಮರದ ತುಂಬ ಕಾಗೆಗಳಿದ್ದವು. ಒಂದೂ ಇಳಿಯಲಿಲ್ಲ, ಕೂಗಲೂ ಇಲ್ಲ. ಎಡೆಯಲ್ಲಿ ರೊಟ್ಟಿ, ಪುಂಡಿಪಲ್ಯ, ಪಕ್ಕದಲ್ಲಿ ಒಂದು ಬೆಲ್ಲದ ಹೆಂಟೆ. ಪುಂಡಿಪಲ್ಯಕ್ಕೆ ಬೆಲ್ಲ ಕಚ್ಚಿಕೊಂಡು ಉಣ್ಣುವ ಹುಚ್ಚು ಮರೆಪ್ಪನೊಬ್ಬನದೇ.

ಅವಳು ತಲೆಯೆತ್ತಿದಳು. ಚೀರಲಿಲ್ಲ. ಪಾದ ನೋಡದೆ ಮುಖ ನೋಡಿದವಳು ಅವಳೊಬ್ಬಳೇ. ಮಕ್ಕಳನ್ನು ಒಳಗೆ ಕಳಿಸಿ, ತಂಬಿಗೆಯಿಂದ ಅವನ ಕೈಗೆ ನೀರು ಹನಿಸಿದಳು. ಬೆರಳಿಗೆ ಬೆರಳು ತಾಗಿತು. ಅವನ ಕೈ ಬೆಚ್ಚಗಿತ್ತು. ಅದು ಅವಳಿಗೆ ತಿಳಿಯಿತು, ತಿಳಿದದ್ದು ಅವನಿಗೂ ತಿಳಿಯಿತು. ಅವಳು ತಂಬಿಗೆಯನ್ನು ಕೆಳಗಿಟ್ಟಳು.

"ರೇಣಾ, ನಾಳೆ ವಕೀಲರ ಹತ್ರ..."

"ಉಣ್ರಿ," ಎಂದಳು, ಸತ್ತ ಹಿರಿಯರೊಂದಿಗೆ ಮಾತಾಡುವ ದನಿಯಲ್ಲಿ. "ವರ್ಷಾ ಇಡತೀನ್ರಿ, ತಪ್ಪಸಾಂಗಿಲ್ಲ. ನನ್ನ ಮಕ್ಕಳ ಮ್ಯಾಲ ನಿಮ್ಮ ನೆರಳ ಬೀಳಸಬ್ಯಾಡ್ರಿ. ಕೈ ಮುಗೀತೀನಿ."

ಮರೆಪ್ಪ ಕೂತು ತನ್ನ ಎಡೆಯನ್ನು ತಾನೇ ಉಂಡ. ಮರದ ಮೇಲಿನ ಕಾಗೆಗಳು ನೋಡುತ್ತಲೇ ಇದ್ದವು. ಬೆಲ್ಲ ಕಚ್ಚುವಾಗ ಅವನಿಗೆ ಅಳು ಬಂತು.

ಮರುದಿನ ವಕೀಲರ ಕೋಣೆಗೆ ಒಬ್ಬನೇ ಹೋದ.

"ನಿನ್ನ ಹೆಸರು ಮರೆಪ್ಪ ಅಲ್ಲೇನು?" ಎಂದರು ಇನಾಮದಾರ ವಕೀಲರು.

"ಅಲ್ರಿ ಸಾಹೇಬ್ರ. ನಾ ಮರೆಪ್ಪನ ಜೋಡಿ ಕೊಯ್ನಾದಾಗ ಕಲ್ಲ ಒಡದಾವ. ಭೂಕಂಪದಾಗ ಅಂವನ ಮ್ಯಾಲ ಗೋಡಿ ಬಿತ್ತು. ಕಣ್ಣಾರೆ ನೋಡೀನ್ರಿ."

ಅವನು ಸುಳ್ಳನ್ನು ಮೊದಲಿನಿಂದ ಕೊನೆಯವರೆಗೆ ಎಲ್ಲೂ ತಡವರಿಸದೆ ಹೇಳಿದ. ಎಲ್ಲ ಗೊತ್ತಿದ್ದ ಮಶಾಕಸಾಬ ಕಾಗದಗಳನ್ನು ಮಡಿಸಿಟ್ಟ. ಬಾಗಿಲವರೆಗೆ ಬಂದು ಕಳಿಸುವಾಗ ಈ ಸಲ ಪಾದ ನೋಡಲಿಲ್ಲ, ಹೆಗಲ ಮೇಲೆ ಕೈಯಿಟ್ಟ.

ಮರೆಪ್ಪ ವಿಜಾಪುರದ ಹೊರಗೆ ಭೂತನಾಳದ ಕೆರೆಯ ಹತ್ತಿರ ಕಲ್ಲು ಒಡೆಯುತ್ತ ಉಳಿದುಬಿಟ್ಟ. ಹೆಸರು ಕೇಳಿದವರಿಗೆ ಕೊಯ್ನಾದವನು ಎಂದ, ಅದೇ ಅವನ ಹೆಸರಾಯಿತು. ಪ್ರತಿ ವರ್ಷ ಮಾನಾಮಿ ಅಮಾಸಿಗೆ ಬಬಲೇಶ್ವರಕ್ಕೆ ಹೋಗಿಬರುತ್ತಿದ್ದ. ರೇಣವ್ವ ಎಡೆ ಇಟ್ಟು, ಎಲ್ಲರನ್ನೂ ಒಳಗೆ ಕರೆದು ಕದ ಮುಂದೆ ಮಾಡುತ್ತಿದ್ದಳು. ಕದ ತೆರೆದಾಗ ತಾಟು ಖಾಲಿ. "ನಮ್ಮನಿ ಕಾಗಿ ತಾಟ ತೊಳದ ಬೋರಲ ಹಾಕಿ ಹೊಕ್ಕೈತಿ," ಎಂದು ಅವಳ ಗಂಡ ಯಲಗೂರಪ್ಪ ನಗುತ್ತಿದ್ದ. ಅವನಿಗೆ ಎಷ್ಟು ಗೊತ್ತಿತ್ತೋ, ಅದಕ್ಕಿಂತ ಹೆಚ್ಚು ಅವನು ಕೇಳಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಕದ ತೆರೆದಾಗ ಎಡೆ ಇಟ್ಟ ಹಾಗೆಯೇ ಇತ್ತು. ರೇಣವ್ವ ಹಿತ್ತಿಲ ಕಟ್ಟೆಯ ಮೇಲೆ ಕೂತು ದಾರಿ ನೋಡಿದಳು. ಹೊತ್ತು ಇಳಿಯಿತು. ಆಗ ಬೇವಿನ ಮರದಿಂದ ಒಂದು ಕಾಗೆ ಹಾರಿಬಂದು ಬೆಲ್ಲದ ಹೆಂಟೆಯನ್ನು ಕಚ್ಚಿಕೊಂಡು ಹೋಯಿತು.

"ಯವ್ವಾ, ಕಾಗಿ ಮುಟ್ಟಿತು!" ಎಂದು ಮಕ್ಕಳು ಕುಣಿದರು.

ಅವನು ಬದುಕಿದ್ದಾಗ ರೇಣವ್ವ ಅವನಿಗಾಗಿ ಬಳೆ ಒಡೆದುಕೊಂಡಿದ್ದಳು. ಈಗ ಒಡೆಯುವ ಹಾಗಿರಲಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡು, ಬಳೆ ಸದ್ದಾಗದಂತೆ ಎರಡೂ ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದು ಅತ್ತಳು.