ತುದಿ ಸುಟ್ಟ ಸೂಜಿ

ಎರ್ರಿಸ್ವಾಮಿಯನ್ನು ಮಣ್ಣು ಮಾಡಿದಾಗ ನನಗೆ ಅರವತ್ತೆರಡೋ ಅರವತ್ತಮೂರೋ. ನಾಲ್ಕು ವರ್ಷವಾಯಿತು. ಅವನು ನನ್ನ ಕಡೆಯ ತಮ್ಮ, ಎತ್ತಿ ಆಡಿಸಿದವಳು ನಾನೇ. ಇವತ್ತು ನೆನಪಾಗಲು ಕಾರಣ ಹುಲುಗಪ್ಪ. ಜೀನ್ಸ್ ಬಟ್ಟೆಯ ಚೂರುಗಳನ್ನು ಜೋಡಿಸಿ ಹೊಲಿದ ಸಂತೆ ಚೀಲವೊಂದನ್ನು ಬೆಳಿಗ್ಗೆ ತಂದುಕೊಟ್ಟು ಹೋದ. ಹೊಸ ಜೀನ್ಸಿಗೆ ಗಂಜಿಯೂ ನೀಲಿ ಬಣ್ಣವೂ ಕಲೆತ ಒಂದು ವಾಸನೆ ಇರುತ್ತದೆ. ನಮ್ಮ ಎರ್ರಿಯ ಮೈಯೂ ಹಾಗೇ ನಾರುತ್ತಿತ್ತು. ಚೀಲವನ್ನು ಮೊಳೆಗೆ ಸಿಕ್ಕಿಸಿ ಬರೆಯಲು ಕೂತಿದ್ದೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ. ಅಚ್ಚು ಹಾಕುವವರು ತಿದ್ದಿಕೊಳ್ಳಲಿ.

ಎರ್ರಿಯೂ ಕುರುಗೋಡಿನ ಹುಲುಗಪ್ಪನೂ ಬಳ್ಳಾರಿಯ ಒಂದು ಶೆಡ್ಡಿನಲ್ಲಿ ಅಕ್ಕಪಕ್ಕದ ಮಷಿನ್ನಿನಲ್ಲಿ ಜೀನ್ಸ್ ಹೊಲಿಯುತ್ತಿದ್ದರು. ಅಲ್ಲಿಯ ಟೈಲರುಗಳ ಮಡಿ ನಿಮಗೆ ಗೊತ್ತಿರಲಿಕ್ಕಿಲ್ಲ. ಒಬ್ಬನ ಮಷಿನ್ ಸೂಜಿಯನ್ನು ಇನ್ನೊಬ್ಬ ಮುಟ್ಟುವ ಹಾಗಿಲ್ಲ; ಕೈ ಬದಲಾದರೆ ಸೂಜಿ ಕೆಡುತ್ತದಂತೆ. ಒಮ್ಮೆ ಹುಲುಗಪ್ಪ ಇವನ ಸೂಜಿ ಎತ್ತಿಕೊಂಡನೆಂದು ಇಬ್ಬರೂ ಗಂಡ ಹೆಂಡಿರ ಹಾಗೆ ಮಾತು ಬಿಟ್ಟಿದ್ದರು. ಅಂಥವರು ನಶೆಯ ಸೂಜಿಯನ್ನು ಮಾತ್ರ ಹಂಚಿಕೊಂಡರು. ಬೆನ್ನುನೋವಿಗೆಂದು ಶುರುವಾದದ್ದು, ಬರಬರುತ್ತಾ ಅದಿಲ್ಲದಿದ್ದರೆ ಕೈ ನಡುಗಿ ಹೊಲಿಗೆ ಸೊಟ್ಟ ಹೋಗುವಷ್ಟಾಯಿತು. ಬಯ್ದೆ. ಹೊಡೆದೂ ಹೊಡೆದೆ. ಮೀಸೆ ಬಂದ ಗಂಡಸಿಗೆ ಅಕ್ಕನ ಏಟು ಏನು ನಾಟುತ್ತದೆ.

ಯಾವುದೋ ಸಂಸ್ಥೆಯ ಹೆಣ್ಣುಮಗಳೊಬ್ಬಳು ಶೆಡ್ಡಿನ ಹಿಂದೆ ಬಂದು ಹೊಸ ಸೂಜಿ ಕೊಡುತ್ತಿದ್ದಳು, ಬೆರಳು ಚುಚ್ಚಿ ರಕ್ತ ನೋಡುತ್ತೇನೆಂದರೆ ಮಾತ್ರ ಇವರಿಬ್ಬರೂ ತಪ್ಪಿಸಿಕೊಳ್ಳುತ್ತಿದ್ದರು. ಅವಳು ಬಾರದ ವಾರ ಇವರು ಕಸುಬಿನ ಬುದ್ಧಿ ಓಡಿಸುತ್ತಿದ್ದರು. ಹೊಲಿದ ಮೇಲೆ ಮಿಕ್ಕ ದಾರದ ತುದಿಯನ್ನು ಲೈಟರಿನಿಂದ ಸುಟ್ಟರೆ ಅದು ಬಿಚ್ಚಿಕೊಳ್ಳುವುದಿಲ್ಲ. ಸೂಜಿಯ ತುದಿಯನ್ನೂ ಹಾಗೇ ಸುಟ್ಟು, ಒಬ್ಬನಾದ ಮೇಲೆ ಒಬ್ಬ ಚುಚ್ಚಿಕೊಳ್ಳುತ್ತಿದ್ದರು. ಸುಟ್ಟದ್ದು ತುದಿಯನ್ನು, ರಕ್ತ ಉಳಿಯುವುದು ಸೂಜಿಯ ಒಳಗೆ. ಕೊರೊನಾ ಬಂದು ಎಲ್ಲ ಬಂದ್ ಆದಾಗ ಆ ಹೆಣ್ಣುಮಗಳೂ ಮನೆಯೊಳಗೇ ಉಳಿದಳು. ಔಷಧದ ಅಂಗಡಿಯವರು ಇವರ ಮುಖ ನೋಡಿಯೇ ಸೂಜಿ ಇಲ್ಲ ಅಂದರು. ಆಮೇಲೆ ಲೈಟರೇ ಗತಿ.

ಶೆಡ್ಡು ಮುಚ್ಚಿತು. ಎರ್ರಿ ಸಿರುಗುಪ್ಪಕ್ಕೆ, ನನ್ನ ಮನೆಗೆ ಬಂದ. ಒಂದು ದಿನ ನಾನು ಅನ್ನ ಬಸಿಯುತ್ತಿದ್ದಾಗ ಹಿಂದೆ ಬಂದು ನಿಂತ.

“ಅಕ್ಕಾ, ನನ್ನ ರಕ್ತ ತೋರಿಸ್ಬೇಕು. ಎಚ್‌ಐವಿ ಐತೇನೋ ಅಂತ ಅಂಜಿಕಿ ಆಗೇತಿ.”

“ಈಗ ಬಂತೇನಲೇ ಬುದ್ಧಿ?”

“ಬಂದೈತಲ್ಲ. ಬಂದಾಗ ಕರ್ಕೊಂಡು ಹೋಗು.”

ಹತ್ತಿರದ ಆಸ್ಪತ್ರೆಗೆ ಹೋದರೆ ರಕ್ತ ನೋಡುವ ಕೋಣೆಗೆ ಬೀಗ. ಅಲ್ಲಿದ್ದವರನ್ನೆಲ್ಲ ಕೊರೊನಾ ಕೆಲಸಕ್ಕೆ ಹಾಕಿದ್ದರು. ಬಳ್ಳಾರಿಗೆ ಬಸ್ಸಿಲ್ಲ. ಪಾಸು ಬೇಕು, ಪಾಸಿಗೆ ಕಾರಣ ಹೇಳಬೇಕು. ಕಾರಣ ಹೇಳಿದರೆ ಸಂಜೆಯೊಳಗೆ ಓಣಿಗೆಲ್ಲ ಗೊತ್ತು. ಅಕ್ಕಿ ಮಿಲ್ಲಿನ ಲಾರಿಗಳನ್ನು ಮಾತ್ರ ಬಿಡುತ್ತಿದ್ದರು. ಡ್ರೈವರನ ಕೈಕಾಲು ಹಿಡಿದು, ಮೂಟೆಗಳ ಮೇಲೆ ಕೂತು ಹೋದೆವು. ದಾರಿಯಲ್ಲಿ ಪೊಲೀಸಿನವನು ತಡೆದ.

“ಎಲ್ಲಿಗವ್ವಾ?”

“ಸಾಯಾಕ. ಬರ್ತೀಯೇನಪ್ಪಾ?”

ನಕ್ಕು ಬಿಟ್ಟುಬಿಟ್ಟ.

ಬಳ್ಳಾರಿಯಲ್ಲಿ ನಾವು ಹೋದ ಕಡೆಯೂ ಬಾಗಿಲು ಹಾಕಿತ್ತು. “ಜ್ವರ, ಕೆಮ್ಮು ಇದ್ರ ಆ ಕಡಿ ಹೋಗ್ರಿ. ಇದಕ್ಕೆಲ್ಲ ಲಾಕ್‌ಡೌನ್ ಮುಗೀಲಿ, ಆಮ್ಯಾಲೆ ಬರ್ರಿ” ಎಂದ ಕಾವಲಿನವನು. ಎರ್ರಿ ಮಡಚಿದ ಅಂಗಿಯ ತೋಳನ್ನು ಇಳಿಸಿಕೊಂಡ.

ಲಾಕ್‌ಡೌನ್ ಮುಗಿಯಿತು, ಬಸ್ಸು ಓಡಿದವು, ಆ ಬಾಗಿಲೂ ತೆಗೆಯಿತು. ನಡಿಯಲೇ ಅಂದರೆ ಅವನು ಏಳಲಿಲ್ಲ.

“ಆವತ್ತು ಮನಸು ಗಟ್ಟಿ ಮಾಡ್ಕೊಂಡು ಬಂದಿದ್ನಕ್ಕಾ. ಈಗ ಆಗವಲ್ದು. ನಾಳಿ ನೋಡಾಣ.”

ಆ ನಾಳೆ ಬರಲಿಲ್ಲ, ಕೆಮ್ಮು ಬಂತು. ಅವನೇ ಹೊಲಿದ ಪ್ಯಾಂಟು ಅವನ ಸೊಂಟದಲ್ಲಿ ನಿಲ್ಲದಾಯಿತು. ಕೊರೊನಾ ಎರಡನೇ ಸಲ ಬಂದಾಗ ಅವನನ್ನು ಬಳ್ಳಾರಿಯ ಆಸ್ಪತ್ರೆಗೆ ಎತ್ತಿ ಹಾಕಿಕೊಂಡೇ ಹೋಗಬೇಕಾಯಿತು. ಡಾಕ್ಟರು ರಕ್ತ ನೋಡಿದರು.

“ಎಚ್‌ಐವಿ ಇದೆ, ಹಳೇದೇ. ಈಗ ಟಿಬಿನೂ ಸೇರಿದೆ. ಮೊದಲೇ ಬರಬಾರದಿತ್ತೇನಮ್ಮಾ? ಗುಳಿಗೆ ನುಂಗ್ಕೊಂಡು ಚೆನ್ನಾಗಿರ್ತಿದ್ದ.”

“ಬಂದಿದ್ವಿ ಸಾಹೇಬ್ರ. ಬಾಗಲಾ ಹಾಕಿತ್ತು.”

ಅವರು ತಲೆ ತಗ್ಗಿಸಿದರು. ಅವರ ಕಣ್ಣುಗಳೂ ನಿದ್ದೆಯಿಲ್ಲದೆ ಕೆಂಪಗಿದ್ದವು. ಬಯ್ಯಬೇಕೆಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಎರ್ರಿ ವಾರ ತಡೆಯಲಿಲ್ಲ. ಮಣ್ಣಿಗೆ ನಾಲ್ಕಾರು ಜನ ಬಂದಿದ್ದರು, ಹುಲುಗಪ್ಪ ಬರಲಿಲ್ಲ. ಕುರುಗೋಡಿನಲ್ಲೇ ಇದ್ದಾನೆಂದು ಗೊತ್ತಿತ್ತು. ಯಾಕೆ ಬರಲಿಲ್ಲವೆಂದೂ ಗೊತ್ತಾಯಿತು. ತಮ್ಮನ ಮೇಲೆ ಮಣ್ಣು ಹಾಕುವಾಗ ನನಗೆ ಅಳು ಬರಲಿಲ್ಲ, ಆ ಲೈಟರೇ ಕಣ್ಣ ಮುಂದಿತ್ತು.

ಮಾರನೆಯ ಬೆಳಿಗ್ಗೆ, ಸೂತಕದಲ್ಲಿ ಹೊಸ್ತಿಲು ದಾಟಬೇಡವೆಂದು ಓಣಿಯ ಹೆಂಗಸರು ಅನ್ನುತ್ತಿದ್ದಂತೆಯೇ, ಮೂತಿಗೆ ಬಟ್ಟೆ ಕಟ್ಟಿಕೊಂಡು ಕುರುಗೋಡಿಗೆ ಹೋದೆ. ಹುಲುಗಪ್ಪ ಮುಸುಕೆಳೆದು ಮಲಗಿದ್ದ. ಮುಸುಕು ಕಿತ್ತೆ.

“ನನಗೇನೂ ಆಗಿಲ್ಲಕ್ಕಾ. ತುದಿ ಸುಟ್ಟೇ ಚುಚ್ಕೊಂತಿದ್ವಿ.”

“ಅವ್ನೂ ಸುಟ್ಟೇ ಚುಚ್ಕೊಂಡಿದ್ದ. ನಿನ್ನಿ ಮಣ್ಣು ಮಾಡಿ ಬಂದೀನಿ. ಏಳಲೇ, ಅಂಗಿ ಹಾಕ್ಕೋ.”

“ನಾಳಿ ಹೋಗಾಣಕ್ಕಾ.”

“ನಾಳಿ ಅಂದವನ್ನ ನೋಡೀನಿ.”

ರಕ್ತ ತೋರಿಸಲೆಂದು ಬಳ್ಳಾರಿಯ ಕಡೆ ಹೋಗುವ ಗಾಡಿ ಹತ್ತಿಸಿದೆ. ಅವನನ್ನು ಒಳಗಿನ ಸೀಟಿಗೆ ತಳ್ಳಿ, ನಡುವೆ ಇಳಿದು ಓಡಿಹೋಗದಂತೆ ಈ ಕಡೆ ನಾನು ಅಡ್ಡ ಕೂತೆ.